ಅರ್ಕಾವತಿ ಬಡಾವಣೆ: ನಗರ ವಿಸ್ತರಣೆ, ಹಿತಸಂಬಂಧಿಗಳು ಮತ್ತು ಅಪಾಯದ ಹಂಚಿಕೆ

ಪೀಠಿಕೆ

ನಗರಗಳ ಚರಿತ್ರೆಯನ್ನು ಕೋಟೆ, ಅರಮನೆ, ಪೇಟೆ, ದೇವಾಲಯ ಮತ್ತು ಸ್ಥಾಪಕರ ಹೆಸರುಗಳ ಮೂಲಕ ಬರೆಯುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ನಗರವು ತನ್ನ ಸುತ್ತಲಿನ ಹಳ್ಳಿಗಳ ನೆಲವನ್ನು ಯಾವ ಕ್ರಮದಲ್ಲಿ ಪಡೆದುಕೊಂಡಿತು, ಆ ಕ್ರಮದಲ್ಲಿ ಯಾರ ಮಾತಿಗೆ ಬೆಲೆ ಬಂದಿತು, ಯಾರ ಮಾತು ಕಡತದಲ್ಲಿಯೇ ಉಳಿಯಿತು ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಬೆಂಗಳೂರಿನ ಉತ್ತರ ಮತ್ತು ಈಶಾನ್ಯ ಭಾಗದಲ್ಲಿ 2003ರಲ್ಲಿ ಉದ್ದೇಶಿಸಲಾದ ಅರ್ಕಾವತಿ ಬಡಾವಣೆಯು ಈ ಪ್ರಶ್ನೆಗಳನ್ನು ಪರಿಶೀಲಿಸಲು ಸೂಕ್ತವಾದ ಉದಾಹರಣೆಯಾಗಿದೆ. ಭೂಮಾಲೀಕರು, ರೆವಿನ್ಯೂ ನಿವೇಶನದಾರರು, ಹಂಚಿಕೆಗಾಗಿ ಹಣ ಕಟ್ಟಿದ ಅರ್ಜಿದಾರರು, ಅಭಿವೃದ್ಧಿ ಪ್ರಾಧಿಕಾರ, ರಾಜ್ಯ ಸರ್ಕಾರ ಮತ್ತು ನ್ಯಾಯಾಲಯಗಳು ಒಂದೇ ನೆಲದ ಮೇಲೆ ಎದುರುಬದುರಾದ ಪ್ರಕರಣವಿದು.

ಬಡಾವಣೆಯ ಹೆಸರಿನಲ್ಲಿಯೇ ಒಂದು ವಿಪರ್ಯಾಸವಿದೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ನದಿಯು ಹೆಸರಘಟ್ಟ ಮತ್ತು ತಿಪ್ಪಗೊಂಡನಹಳ್ಳಿಗಳ ಮಾರ್ಗವಾಗಿ ನಗರದ ಪಶ್ಚಿಮಕ್ಕೆ ಹರಿದು ಕನಕಪುರದ ಕೆಳಗೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಹೆಬ್ಬಾಳ, ನಾಗವಾರ, ರಾಚೇನಹಳ್ಳಿ, ಜಕ್ಕೂರು ಪ್ರದೇಶದ ಕೆರೆಗಳ ನೀರಾದರೋ ಪೂರ್ವಕ್ಕೆ ಇಳಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ತನ್ನ ನೆಲಕ್ಕೆ ಸೇರದ ನದಿಯ ಹೆಸರನ್ನು ಹೊತ್ತ ಈ ಬಡಾವಣೆಯು, ಆ ನೆಲದ ಮೇಲೆ ಬದುಕಿದ್ದವರ ಸ್ಥಿತಿಗತಿಯನ್ನು ಗ್ರಹಿಸುವಲ್ಲಿಯೂ ಅಷ್ಟೇ ದೂರ ಉಳಿಯಿತು ಎಂಬುದನ್ನು ಮುಂದಿನ ವಿವೇಚನೆಯು ತೋರಿಸುತ್ತದೆ.

ಹಿನ್ನೆಲೆ: ವಿಸ್ತರಣೆಯಿಂದ ಪ್ರಾಧಿಕಾರದವರೆಗೆ

ಬೆಂಗಳೂರಿನಲ್ಲಿ ಯೋಜಿತ ಬಡಾವಣೆಗಳ ಪರಂಪರೆ 19ನೆಯ ಶತಮಾನದ ಕೊನೆಯ ದಶಕದಿಂದ ಆರಂಭವಾಗುತ್ತದೆ. 1898ರ ಪ್ಲೇಗು ಪಿಡುಗಿನ ತರುವಾಯ ಬಸವನಗುಡಿ ಮತ್ತು ಮಲ್ಲೇಶ್ವರಗಳ ಬೆಳವಣಿಗೆಗೆ ವೇಗ ದೊರೆಯಿತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತಂದು ಗಾಳಿ ಬೆಳಕುಗಳಿರುವ ನಿವೇಶನಗಳಲ್ಲಿ ನೆಲೆಗೊಳಿಸುವುದು ಅಂದಿನ ಉದ್ದೇಶ. ಸಾರ್ವಜನಿಕ ಆರೋಗ್ಯವೇ ಅಂದಿನ ವಿಸ್ತರಣೆಯ ಮುಖ್ಯ ಸಮರ್ಥನೆಯಾಗಿದ್ದಿತು.

1945ರ ಬೆಂಗಳೂರು ನಗರಾಭಿವೃದ್ಧಿ ಅಧಿನಿಯಮದ ಮೂಲಕ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಸ್ಥಾಪನೆಗೊಂಡಿತು. ಜಯನಗರ, ರಾಜಾಜಿನಗರಗಳಂತಹ ದೊಡ್ಡ ಬಡಾವಣೆಗಳು ಈ ಮಂಡಳಿಯ ಕಾಲದ ನಿರ್ಮಾಣಗಳು. ಸಿದ್ದಾಪುರ, ಯಡಿಯೂರು, ಭೈರಸಂದ್ರ ಮೊದಲಾದ ಹಳ್ಳಿಗಳ ಹೊಲಗದ್ದೆಗಳು ಬಡಾವಣೆಗಳಾದವು. ಗ್ರಾಮಠಾಣಗಳು ಮಾತ್ರ ಅಡ್ಡರಸ್ತೆ, ಮುಖ್ಯರಸ್ತೆಗಳ ಚೌಕಟ್ಟಿನ ನಡುವೆ ಹಳೆಯ ಓಣಿಗಳೊಡನೆ ಉಳಿದುಕೊಂಡವು. ಆ ಕಾಲದ ನಕಾಶೆಗಳಲ್ಲಿ ಹಳ್ಳಿಯೇ ದ್ವೀಪ, ಬಡಾವಣೆಯೇ ಸಮುದ್ರ. ಈ ಚಿತ್ರವು ಅರ್ಕಾವತಿಯಲ್ಲಿ ಹೇಗೆ ತಲೆಕೆಳಗಾಯಿತು ಎಂಬುದನ್ನು ಮುಂದೆ ನೋಡಬಹುದು.

1951ರ ಜನಗಣತಿಯ ವೇಳೆಗೆ 8 ಲಕ್ಷಕ್ಕೆ ಸಮೀಪಿಸಿದ್ದ ನಗರದ ಜನಸಂಖ್ಯೆಯು 2001ರ ವೇಳೆಗೆ ಸುಮಾರು 57 ಲಕ್ಷಕ್ಕೂ, 2011ರ ವೇಳೆಗೆ ಸುಮಾರು 85 ಲಕ್ಷಕ್ಕೂ ಏರಿತು. ಈ ಒತ್ತಡವನ್ನು ಎದುರಿಸಲು ಟ್ರಸ್ಟ್ ಬೋರ್ಡಿನ ಸ್ಥಾನದಲ್ಲಿ 1976ರ ಅಧಿನಿಯಮದಂತೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅಸ್ತಿತ್ವಕ್ಕೆ ಬಂದಿತು. ಯೋಜನೆಯನ್ನು ರೂಪಿಸುವುದು, ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವುದು, ನಿವೇಶನಗಳನ್ನು ವಿಂಗಡಿಸುವುದು, ಅವುಗಳನ್ನು ಹಂಚುವುದು ಈ ನಾಲ್ಕೂ ಕಾರ್ಯಗಳು ಒಂದೇ ಸಂಸ್ಥೆಯ ಕೈಸೇರಿದವು.

ಕಾನೂನು ಕಂಡ ಹಿತಸಂಬಂಧಿ

ಹಿತಸಂಬಂಧಿ ಎಂದರೆ ಯಾರು ಎಂಬ ಪ್ರಶ್ನೆಗೆ 1976ರ ಅಧಿನಿಯಮವು ತನ್ನದೇ ಉತ್ತರವನ್ನು ಇಟ್ಟುಕೊಂಡಿದೆ. 17ನೆಯ ಪ್ರಕರಣದಂತೆ ಯೋಜನೆಯ ಪ್ರಾಥಮಿಕ ಅಧಿಸೂಚನೆ ಹೊರಡಬೇಕು. ಸ್ಥಳೀಯ ಸಂಸ್ಥೆಯ ಕಂದಾಯ ಪಟ್ಟಿಯಲ್ಲಿ ಅಥವಾ ಭೂಕಂದಾಯದ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರಿಗೆ ನೋಟೀಸು ಜಾರಿಯಾಗಬೇಕು. ಅವರು 30 ದಿನಗಳೊಳಗೆ ತಕರಾರು ಸಲ್ಲಿಸಬಹುದು. ತಕರಾರುಗಳನ್ನು ಪರಿಶೀಲಿಸಿದ ಪ್ರಾಧಿಕಾರವು 18ನೆಯ ಪ್ರಕರಣದಂತೆ ಸರ್ಕಾರದ ಮಂಜೂರಾತಿಯನ್ನು ಕೋರಬೇಕು. ಮಂಜೂರಾತಿಯ ನಂತರ 19ನೆಯ ಪ್ರಕರಣದಂತೆ ಅಂತಿಮ ಅಧಿಸೂಚನೆ ಹೊರಡುತ್ತದೆ. ಐದು ವರ್ಷಗಳೊಳಗೆ ಯೋಜನೆಯು ಗಣನೀಯವಾಗಿ ಕಾರ್ಯಗತವಾಗದಿದ್ದರೆ ಅದು ಅನೂರ್ಜಿತವಾಗುತ್ತದೆ ಎಂದು 27ನೆಯ ಪ್ರಕರಣ ತಿಳಿಸುತ್ತದೆ. ಪರಿಹಾರವೇ ಮೊದಲಾದ ವಿಷಯಗಳಲ್ಲಿ 36ನೆಯ ಪ್ರಕರಣದ ಮೂಲಕ 1894ರ ಭೂಸ್ವಾಧೀನ ಅಧಿನಿಯಮದ ನಿಯಮಗಳು ಸಾಧ್ಯವಾದಮಟ್ಟಿಗೆ ಅನ್ವಯಿಸಿದವು.

ಈ ವ್ಯವಸ್ಥೆಯಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದಾಗಿ, ದಾಖಲೆಯಲ್ಲಿ ಹೆಸರಿದ್ದವನೇ ಕಾನೂನಿನ ಕಣ್ಣಿಗೆ ಬೀಳುವ ಹಿತಸಂಬಂಧಿ. ಪಹಣಿಯಲ್ಲಿ ತಂದೆಯ ಅಥವಾ ಅಜ್ಜನ ಹೆಸರೇ ಉಳಿದಿರುವ ಅವಿಭಕ್ತ ಕುಟುಂಬದ ಸದಸ್ಯ, ವಾರಕ್ಕೆ ಉಳುವವನು, ಕೂಲಿಯವಳು, ಅಧಿಕಾರಪತ್ರದ ಆಧಾರದ ಮೇಲೆ ಚಿಕ್ಕ ನಿವೇಶನ ಕೊಂಡವನು ಇವರಾರೂ ಆ ದಾಖಲೆಯಲ್ಲಿ ಕಾಣಸಿಗುವುದಿಲ್ಲ. ಎರಡನೆಯದಾಗಿ, ಪರಿಹಾರದ ಮೊತ್ತವು ಪ್ರಾಥಮಿಕ ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆಗೆ ಕಟ್ಟುಬಿದ್ದಿತು. 1984ರ ತಿದ್ದುಪಡಿಯ ನಂತರ ಅದರ ಮೇಲೆ ನೂರಕ್ಕೆ 30ರಷ್ಟು ಸಾಂತ್ವನ ಧನ ಸೇರುತ್ತಿತ್ತೆಂಬುದು ನಿಜ. ಆದರೆ ಬಡಾವಣೆಯಿಂದಾಗಿಯೇ ಏರುವ ಬೆಲೆಯಲ್ಲಿ ಭೂಮಿ ಕಳೆದುಕೊಂಡವನಿಗೆ ಪಾಲಿರಲಿಲ್ಲ. ವಿಳಂಬದ ಅಪಾಯವೆಲ್ಲ ರೈತನ ಪಾಲಿಗೆ ಬಂದರೆ, ಏರಿಕೆಯ ಲಾಭವೆಲ್ಲ ಬೇರೆಯವರ ಪಾಲಿಗೆ ಹೋಗುತ್ತಿತ್ತು.

ಈ ಕೊರತೆಯನ್ನು ತುಂಬುವ ಪ್ರಯತ್ನಗಳು ನಡೆದಿರಲಿಲ್ಲವೆಂದು ಹೇಳಲಾಗದು. ಸ್ವಇಚ್ಛೆಯಿಂದ ಭೂಮಿಯನ್ನು ಒಪ್ಪಿಸಿದವರಿಗೆ ನಿವೇಶನ ನೀಡುವ ಪ್ರೋತ್ಸಾಹಕ ಯೋಜನೆಗೆ ಸಂಬಂಧಿಸಿದ ನಿಯಮಗಳು 1989ರಲ್ಲಿಯೇ ಬಂದಿದ್ದವು. ಆದರೆ ಅದು ಪ್ರಾಧಿಕಾರವು ತೋರುವ ಸೌಜನ್ಯವಾಗಿತ್ತೇ ಹೊರತು ಭೂಮಾಲೀಕನ ಹಕ್ಕಿನ ಸ್ವರೂಪವನ್ನು ಪಡೆದಿರಲಿಲ್ಲ. ಇನ್ನೊಂದೆಡೆ, ಗೃಹನಿರ್ಮಾಣ ಸಹಕಾರ ಸಂಘಗಳಿಗಾಗಿ ಮಧ್ಯವರ್ತಿಗಳ ಮೂಲಕ ನಡೆದ ಭೂಸ್ವಾಧೀನವನ್ನು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ರದ್ದುಪಡಿಸಿತ್ತು. ಸಾರ್ವಜನಿಕ ಉದ್ದೇಶ ಎಂಬ ಪದವನ್ನು ನ್ಯಾಯಾಲಯಗಳು ಕೇವಲ ಅಧಿಸೂಚನೆಯ ಭಾಷೆಯಾಗಿ ಒಪ್ಪಿಕೊಳ್ಳಲಾರವು ಎಂಬ ಎಚ್ಚರಿಕೆ ಆಗಲೇ ದೊರೆತಿದ್ದಿತು.

2003ರ ಅಧಿಸೂಚನೆ

1999ರ ನಂತರದ ವರ್ಷಗಳಲ್ಲಿ ಮಾಹಿತಿ ತಂತ್ರಜ್ಞಾನದ ಉದ್ಯಮವು ಬೆಂಗಳೂರಿನ ಹೊರವಲಯದ ಭೂಮಿಯ ಬೆಲೆಯನ್ನು ಬದಲಾಯಿಸಿತು. ಹೊರವರ್ತುಲ ರಸ್ತೆ ಹೆಬ್ಬಾಳ ಮತ್ತು ನಾಗವಾರಗಳನ್ನು ಮುಟ್ಟಿತು. ದೇವನಹಳ್ಳಿಯಲ್ಲಿ ಅಂತರರಾಷ್ಟ್ರೀಯ ವಿಮಾನನಿಲ್ದಾಣವಾಗುವ ನಿರೀಕ್ಷೆಯು ಉತ್ತರ ದಿಕ್ಕಿನ ಪ್ರತಿ ಗುಂಟೆಗೂ ಹೊಸ ಬೆಲೆಯನ್ನು ತಂದಿತು. ಆ ನಿಲ್ದಾಣವು 2008ರ ಮೇ ತಿಂಗಳಿನಲ್ಲಿ ಕಾರ್ಯಾರಂಭ ಮಾಡಿತು. ಇಂತಹ ಸನ್ನಿವೇಶದಲ್ಲಿ 3-2-2003ರಂದು ಪ್ರಾಧಿಕಾರವು 16 ಗ್ರಾಮಗಳ 3,339 ಎಕರೆ 12 ಗುಂಟೆ ಭೂಮಿಗೆ ಪ್ರಾಥಮಿಕ ಅಧಿಸೂಚನೆಯನ್ನು ಹೊರಡಿಸಿತು. ಜಕ್ಕೂರು, ರಾಚೇನಹಳ್ಳಿ, ಥಣಿಸಂದ್ರ, ಅಮೃತಹಳ್ಳಿ, ಸಂಪಿಗೆಹಳ್ಳಿ, ಕೆಂಪಾಪುರ, ಶ್ರೀರಾಮಪುರ, ವೆಂಕಟೇಶಪುರ, ನಾಗವಾರ, ಹೆಣ್ಣೂರು, ಚೇಳೆಕೆರೆ, ಗೆದ್ದಲಹಳ್ಳಿ ಮೊದಲಾದವು ಆ ಗ್ರಾಮಗಳು. ಸರ್ಕಾರದ ಮಂಜೂರಾತಿಯ ನಂತರ 23-2-2004ರಂದು 2,750 ಎಕರೆಗೆ ಅಂತಿಮ ಅಧಿಸೂಚನೆ ಹೊರಬಿದ್ದಿತು.

ಈ ಎರಡು ಅಂಕಿಗಳ ನಡುವಣ ವ್ಯತ್ಯಾಸ 589 ಎಕರೆ 12 ಗುಂಟೆ. ಒಂದು ವರ್ಷದ ಅವಧಿಯಲ್ಲಿ ಇಷ್ಟು ಭೂಮಿ ಯೋಜನೆಯಿಂದ ಹೊರಬಂದಿತು. ತಕರಾರುಗಳನ್ನು ಆಲಿಸಿ ಕೆಲವು ಭೂಮಿಗಳನ್ನು ಕೈಬಿಡುವುದು ಕಾನೂನಿಗೆ ಸಮ್ಮತವಾದ ಕ್ರಮವೇ ಸರಿ. ಆದರೆ ಯಾವ ತತ್ತ್ವದ ಮೇಲೆ ಒಂದು ಸರ್ವೆ ನಂಬರನ್ನು ಬಿಟ್ಟು ಅದರ ಪಕ್ಕದ ಸರ್ವೆ ನಂಬರನ್ನು ಉಳಿಸಿಕೊಳ್ಳಲಾಯಿತು ಎಂಬುದು ಸ್ಪಷ್ಟವಾಗದಿದ್ದುದೇ ಮುಂದಿನ ವ್ಯಾಜ್ಯಗಳ ಮೂಲವಾಯಿತು.

ಹಿತಗಳ ಸಂಘರ್ಷ

ಈ ನೆಲದ ಮೇಲೆ ಹಕ್ಕು ಅಥವಾ ಭರವಸೆ ಇಟ್ಟುಕೊಂಡಿದ್ದವರನ್ನು ಸ್ಥೂಲವಾಗಿ ಐದು ವರ್ಗಗಳಾಗಿ ವಿಂಗಡಿಸಬಹುದು.

ಮೊದಲ ವರ್ಗ, ವ್ಯವಸಾಯ ಮಾಡುತ್ತಿದ್ದ ಭೂಮಾಲೀಕರು. ನಗರದ ಅಂಚಿನ ಹಳ್ಳಿಗಳ ವ್ಯವಸಾಯವು ನಗರದ ಬೇಡಿಕೆಯನ್ನೇ ಅವಲಂಬಿಸಿ ಬೆಳೆದದ್ದು. ತರಕಾರಿ, ಹೂವು, ನರ್ಸರಿ ಗಿಡಗಳಿಗೆ ಅತ್ಯಲ್ಪ ಭೂಮಿ ಸಾಕು. ಮಾರುಕಟ್ಟೆಯ ಸಾಮೀಪ್ಯವೇ ಅದರ ಬಂಡವಾಳ. ಒಂದು ಎಕರೆಯ ಪರಿಹಾರದಿಂದ ದೂರದಲ್ಲಿ ಹೆಚ್ಚು ಭೂಮಿಯನ್ನು ಕೊಳ್ಳಬಹುದಾದರೂ ಈ ಸಾಮೀಪ್ಯವನ್ನು ಕೊಳ್ಳಲಾಗದು.

ಎರಡನೆಯ ವರ್ಗ, ರೆವಿನ್ಯೂ ನಿವೇಶನಗಳನ್ನು ಕೊಂಡವರು. ವ್ಯವಸಾಯದ ಭೂಮಿಯನ್ನು ಪರಿವರ್ತನೆಯಿಲ್ಲದೆ ವಿಂಗಡಿಸಿ ಮಾರಿದ ನಿವೇಶನಗಳಿವು. ಪ್ರಾಧಿಕಾರದ ನಿವೇಶನಕ್ಕೆ ಹಲವು ವರ್ಷ ಕಾಯಲಾರದ, ಖಾಸಗಿ ಬಡಾವಣೆಯ ಬೆಲೆಯನ್ನು ತೆರಲಾರದ ಸಣ್ಣ ಸಂಬಳದವರು ಇವುಗಳನ್ನು ಕೊಂಡರು. ಕೆಲವರ ಬಳಿ ನೋಂದಾಯಿತ ಕ್ರಯಪತ್ರವಿತ್ತು. ಕೆಲವರ ಬಳಿ ಅಧಿಕಾರಪತ್ರ ಮಾತ್ರವಿತ್ತು. ನಗರಕ್ಕೆ ಬಡಾವಣೆ ಬೇಕೆಂದು ಸಮರ್ಥಿಸಲು ಬಳಸುವ ಮನೆಯಿಲ್ಲದವನು ಮತ್ತು ಆ ಬಡಾವಣೆಗಾಗಿ ನಿವೇಶನ ಕಳೆದುಕೊಳ್ಳುವವನು ಇಲ್ಲಿ ಒಬ್ಬನೇ ಆಗಿದ್ದ ಸಂದರ್ಭಗಳುಂಟು. ಇದು ಈ ಪ್ರಕರಣದ ಅತ್ಯಂತ ಕಠಿಣವಾದ ಗಂಟು.

ಮೂರನೆಯ ವರ್ಗ, ಶಿಕ್ಷಣ ಸಂಸ್ಥೆಗಳು, ಧರ್ಮಾರ್ಥ ಸಂಸ್ಥೆಗಳು, ಕಾರ್ಖಾನೆಗಳು ಹಾಗೂ ದೊಡ್ಡ ಹಿಡುವಳಿದಾರರು. ವಕೀಲರನ್ನು ನೇಮಿಸಿಕೊಳ್ಳುವ, ಸಚಿವಾಲಯದವರೆಗೆ ಅರ್ಜಿಯನ್ನು ಒಯ್ಯುವ ಶಕ್ತಿ ಇವರಿಗಿತ್ತು.

ನಾಲ್ಕನೆಯ ವರ್ಗ, ನಿವೇಶನಕ್ಕಾಗಿ ಅರ್ಜಿ ಸಲ್ಲಿಸಿದ ನಗರವಾಸಿಗಳು. ಸುಮಾರು 20,000 ನಿವೇಶನಗಳ ಭರವಸೆಯೊಂದಿಗೆ ಪ್ರಾಧಿಕಾರವು ಅರ್ಜಿಗಳನ್ನು ಆಹ್ವಾನಿಸಿತು. ಅರ್ಜಿದಾರರು ಠೇವಣಿ ಕಟ್ಟಿದರು. ಹಂಚಿಕೆ ಪತ್ರ ದೊರೆತವರು ಪೂರ್ಣ ಮೊಬಲಗನ್ನು ಪಾವತಿ ಮಾಡಿದರು. ಭೂಮಿಯ ಹಕ್ಕು ಇತ್ಯರ್ಥವಾಗುವ ಮೊದಲೇ ಈ ಹಣ ಸಂದಾಯವಾದುದರಿಂದ ವ್ಯಾಜ್ಯದ ಅಪಾಯದ ಒಂದು ಭಾಗವು ಅವರಿಗೆ ತಿಳಿಯದಂತೆಯೇ ಅವರ ಹೆಗಲಿಗೆ ವರ್ಗವಾಯಿತು.

ಐದನೆಯ ವರ್ಗಕ್ಕೆ ಕಡತದಲ್ಲಿ ಹೆಸರಿಲ್ಲ. ತೋಟ, ನರ್ಸರಿ, ಇಟ್ಟಿಗೆ ಗೂಡುಗಳ ಕೂಲಿಕಾರರು, ಗೋಮಾಳ ಮತ್ತು ಕೆರೆಯಂಗಳಗಳನ್ನು ಆಶ್ರಯಿಸಿ ದನಕುರಿಗಳನ್ನು ಸಾಕಿದವರು ಈ ವರ್ಗಕ್ಕೆ ಸೇರುತ್ತಾರೆ. ಪಹಣಿಯಲ್ಲಾಗಲಿ, ಕ್ರಯಪತ್ರದಲ್ಲಾಗಲಿ, ಹಂಚಿಕೆ ಪಟ್ಟಿಯಲ್ಲಾಗಲಿ ಇಲ್ಲದ ಇವರು ತಕರಾರು ಸಲ್ಲಿಸುವ ಅರ್ಹತೆಯನ್ನೇ ಪಡೆದಿರಲಿಲ್ಲ. ಮುಂದೆ ನ್ಯಾಯಾಲಯಗಳು ನೀಡಿದ ಪರಿಹಾರಗಳೂ ಭೂಮಿ ಅಥವಾ ನಿವೇಶನ ಉಳ್ಳವರನ್ನೇ ಕೇಂದ್ರವಾಗಿಟ್ಟುಕೊಂಡವು.

ನ್ಯಾಯಾಲಯಗಳ ಮೆಟ್ಟಿಲು

ಅಂತಿಮ ಅಧಿಸೂಚನೆಯನ್ನು ಪ್ರಶ್ನಿಸಿ ಹೆಚ್ಚಿನ ಸಂಖ್ಯೆಯಲ್ಲಿ ರಿಟ್ ಅರ್ಜಿಗಳು ಕರ್ನಾಟಕ ಉಚ್ಚ ನ್ಯಾಯಾಲಯಕ್ಕೆ ಬಂದವು. 15-4-2005ರಂದು ಏಕಸದಸ್ಯ ಪೀಠವು ಭೂಸ್ವಾಧೀನವನ್ನು ರದ್ದುಪಡಿಸಿತು. ಪ್ರಾಧಿಕಾರವು ಮೇಲ್ಮನವಿ ಸಲ್ಲಿಸಿದ ಮೇಲೆ 25-11-2005ರಂದು ವಿಭಾಗೀಯ ಪೀಠವು ಆ ತೀರ್ಪನ್ನು ಬದಿಗಿರಿಸಿ ಷರತ್ತುಗಳೊಡನೆ ಯೋಜನೆಯನ್ನು ಎತ್ತಿಹಿಡಿಯಿತು. ಹಸಿರು ವಲಯದ ಭೂಮಿ, ಪೂರ್ಣವಾಗಿ ಕಟ್ಟಡಗಳಿಂದ ಕೂಡಿದ ಭೂಮಿ, ನರ್ಸರಿಗಳು, ಧರ್ಮಾರ್ಥ ಹಾಗೂ ಶಿಕ್ಷಣ ಸಂಸ್ಥೆಗಳ ಭೂಮಿ, ಕಾರ್ಖಾನೆಗಳ ಭೂಮಿ, ಕೈಬಿಡಲಾದ ನೆರೆಯ ಭೂಮಿಯಂತೆಯೇ ಇರುವ ಭೂಮಿ ಇವುಗಳ ಮಾಲೀಕರು ತಮ್ಮ ಭೂಮಿಯನ್ನು ಬಿಡುವಂತೆ ಕೋರಲು ಅವಕಾಶ ದೊರೆಯಿತು. ನಿವೇಶನ ಕಳೆದುಕೊಂಡ ಅರ್ಜಿದಾರರಿಗೆ ನಿಗದಿತ ದರದಲ್ಲಿ 30 ಅಡಿ ಅಗಲ 40 ಅಡಿ ಉದ್ದದ ನಿವೇಶನ ನೀಡುವ ಮಾರ್ಗವನ್ನೂ ಪೀಠವು ಸೂಚಿಸಿತು.

ಪ್ರಕರಣವು ಸರ್ವೋಚ್ಚ ನ್ಯಾಯಾಲಯವನ್ನು ತಲುಪಿ 5-5-2010ರಂದು ತೀರ್ಪು ಬಂದಿತು. ಸಂವಿಧಾನದ 74ನೆಯ ತಿದ್ದುಪಡಿಯಿಂದಾಗಿ ಪ್ರಾಧಿಕಾರದ ಅಧಿನಿಯಮವೇ ಅಸಿಂಧುವಾಯಿತೆಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಭೂಸ್ವಾಧೀನವು ಊರ್ಜಿತವೆಂದು ಹೇಳುತ್ತಲೇ ಅದು ನಡೆದ ಕ್ರಮದಲ್ಲಿನ ಲೋಪಗಳನ್ನು ಗುರುತಿಸಿತು. ಕೆಂಪಾಪುರ ಮತ್ತು ಶ್ರೀರಾಮಪುರಗಳಲ್ಲಿ ಬಹಳಷ್ಟು ಭೂಮಿ ಆರಂಭದಲ್ಲಿಯೇ ಅಧಿಸೂಚನೆಗೆ ಒಳಪಟ್ಟಿರಲಿಲ್ಲ. ಒಳಪಟ್ಟುದರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಆಮೇಲೆ ಕೈಬಿಡಲಾಗಿತ್ತು. ಆದುದರಿಂದ ಅಲ್ಲಿನ ತಕರಾರುಗಳನ್ನು ಮತ್ತೆ ಪರಿಶೀಲಿಸಬೇಕೆಂದು ನ್ಯಾಯಾಲಯವು ನಿರ್ದೇಶಿಸಿತು. ವೆಂಕಟೇಶಪುರ, ನಾಗವಾರ, ಹೆಣ್ಣೂರು, ಚೇಳೆಕೆರೆಗಳಲ್ಲಿ ಸುತ್ತಲೂ ಬಿಟ್ಟ ಭೂಮಿಯಿದ್ದು ನಡುವೆ ಸಣ್ಣ ತುಣುಕುಗಳು ಮಾತ್ರ ಸ್ವಾಧೀನಕ್ಕೆ ಉಳಿದಿದ್ದವು. ಅಂತಹ ತುಣುಕುಗಳು ಸ್ವಯಂಪೂರ್ಣ ಬಡಾವಣೆಗೆ ಯೋಗ್ಯವಲ್ಲದಿದ್ದರೆ ಅವುಗಳನ್ನೂ ಕೈಬಿಡುವ ಬಗ್ಗೆ ಆಲೋಚಿಸಬೇಕೆಂದು ಸೂಚಿಸಿತು. ಬೇರೆ ಬೇರೆ ಊರುಗಳಲ್ಲಿ ಚದುರಿದ ತುಣುಕುಗಳನ್ನು ಕಾಗದದ ಮೇಲೆ ಕೂಡಿಸಿ ಒಂದು ಬಡಾವಣೆಯೆಂದು ತೋರಿಸುವುದು ಸ್ವಾಧೀನಕ್ಕೆ ಸಮರ್ಥನೆಯಾಗದು ಎಂಬುದು ಅದರ ತಾತ್ಪರ್ಯ.

ಟ್ರಸ್ಟ್ ಬೋರ್ಡಿನ ಕಾಲದಲ್ಲಿ ಹಳ್ಳಿಯು ಬಡಾವಣೆಯ ನಡುವಣ ದ್ವೀಪವಾಗಿತ್ತೆಂಬುದನ್ನು ಮೇಲೆ ಗಮನಿಸಲಾಗಿದೆ. ಅರ್ಕಾವತಿಯಲ್ಲಿ ಬಡಾವಣೆಯೇ ಹಳ್ಳಿಗಳ ನಡುವಣ ದ್ವೀಪವಾಯಿತು. ರಸ್ತೆ, ಚರಂಡಿ, ಉದ್ಯಾನಗಳ ಅಖಂಡವಾದ ಜಾಲವೇ ಬಡಾವಣೆಯ ಸತ್ತ್ವ. ಆ ಅಖಂಡತೆ ಹೋದ ಮೇಲೆ ಉಳಿಯುವುದು ನಿವೇಶನಗಳ ಗುಂಪು ಮಾತ್ರ.

ಪಾಲಿನ ಪರಿಕಲ್ಪನೆ

2010ರ ತೀರ್ಪಿನ ಐತಿಹಾಸಿಕ ಮಹತ್ವವು ಅದರ ಇನ್ನೊಂದು ಭಾಗದಲ್ಲಿದೆ. ಭೂಸ್ವಾಧೀನಗಳನ್ನು ನ್ಯಾಯಾಲಯವು ಮೂರು ಬಗೆಯಾಗಿ ವಿಂಗಡಿಸಿತು: ರಸ್ತೆ, ಸೇತುವೆ, ನೀರು ಸರಬರಾಜಿನಂತಹ ಸಾರ್ವಜನಿಕ ಹಿತದ ಸ್ವಾಧೀನ, ಕೈಗಾರಿಕೆ ಹಾಗೂ ಆರ್ಥಿಕ ಬೆಳವಣಿಗೆಗಾಗಿ ನಡೆಯುವ ಸ್ವಾಧೀನ, ನಗರ ಪ್ರದೇಶದ ಯೋಜಿತ ಬೆಳವಣಿಗೆಗಾಗಿ ನಡೆಯುವ ಸ್ವಾಧೀನ. ಮೂರನೆಯದರಲ್ಲಿ ಒಬ್ಬನ ಭೂಮಿಯನ್ನು ಪಡೆದು ನಿವೇಶನಗಳನ್ನಾಗಿ ವಿಂಗಡಿಸಿ ಇನ್ನೊಬ್ಬನಿಗೆ ಮನೆ ಕಟ್ಟಲು ಕೊಡಲಾಗುತ್ತದೆ. ಆದುದರಿಂದ ಭೂಮಿ ಕೊಟ್ಟವನಿಗೂ ಅಭಿವೃದ್ಧಿಯ ಫಲದಲ್ಲಿ ಪಾಲು ದೊರೆಯುವುದು ನ್ಯಾಯ ಎಂಬ ನಿಲುವು ತೀರ್ಪಿನ ಹಿಂದಿದೆ. ಅದರಂತೆ ಪರಿಹಾರದ ಹಣಕ್ಕೆ ಬದಲಾಗಿ, ಸ್ವಾಧೀನಗೊಂಡ ಭೂಮಿಯ ನೂರಕ್ಕೆ 15ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನಗಳ ರೂಪದಲ್ಲಿ ಪಡೆಯುವ ಆಯ್ಕೆಯನ್ನು ಭೂಮಾಲೀಕರಿಗೆ ನೀಡಲಾಯಿತು.

ಒಂದು ಎಕರೆಯೆಂದರೆ 43,560 ಚದರ ಅಡಿ. ಅದರ ನೂರಕ್ಕೆ 15 ಭಾಗವೆಂದರೆ 6,534 ಚದರ ಅಡಿ. ಎಂದರೆ 1,200 ಚದರ ಅಡಿಯ ಐದು ನಿವೇಶನಗಳಿಗಿಂತ ಸ್ವಲ್ಪ ಹೆಚ್ಚು. ಮುಂದೆ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ಈ ಪರಿಕಲ್ಪನೆಯು ಇನ್ನಷ್ಟು ಮುಂದುವರಿಯಿತು. ಎಕರೆಯ ನೂರಕ್ಕೆ 55 ಭಾಗ ನಿವೇಶನಗಳಿಗೆ ಸಲ್ಲುತ್ತದೆಂದು ಲೆಕ್ಕಹಾಕಿ, ಅದರ ನೂರಕ್ಕೆ 40 ಭಾಗವನ್ನು, ಎಂದರೆ ಎಕರೆಗೆ ಸುಮಾರು 9,583 ಚದರ ಅಡಿಯನ್ನು, ಭೂಮಾಲೀಕನಿಗೆ ನೀಡುವ ಆಯ್ಕೆ ಅಲ್ಲಿದ್ದಿತು. 2003ರಲ್ಲಿ ತಕರಾರು ಎನಿಸಿಕೊಂಡಿದ್ದ ಭೂಮಾಲೀಕನ ಹಿತವು ಹೀಗೆ ಪಾಲಿನ ರೂಪವನ್ನು ಪಡೆಯಿತು. ವ್ಯಾಜ್ಯದ ಅಪಾಯವನ್ನು ತಗ್ಗಿಸುವ ದೃಷ್ಟಿಯಿಂದಲೂ ಇದು ವಿವೇಕದ ಮಾರ್ಗ. ಬಡಾವಣೆ ಬೇಗ ಪೂರ್ಣಗೊಳ್ಳಲೆಂದು ಬಯಸುವವರ ಸಾಲಿಗೆ ಭೂಮಾಲೀಕನೂ ಸೇರುತ್ತಾನೆ.

ಆದರೆ ಪಾಲಿನ ಈ ಲೆಕ್ಕಕ್ಕೆ ಒಂದು ಮಿತಿಯಿದೆ. ನಿವೇಶನ ಕೈಸೇರುವವರೆಗೆ ಆದಾಯವಿಲ್ಲದೆ ಕಾಯಬಲ್ಲವನಿಗೆ ಮಾತ್ರ ಅದು ಲಾಭ. ಬೆಳೆಯೂ ಇಲ್ಲದೆ ನಿವೇಶನವೂ ಇಲ್ಲದೆ ಕಳೆಯುವ ವರ್ಷಗಳಲ್ಲಿ ಸಣ್ಣ ಹಿಡುವಳಿದಾರನು ತನ್ನ ಹಕ್ಕನ್ನೇ ಕಡಿಮೆ ಬೆಲೆಗೆ ಮಾರಿಕೊಳ್ಳುವ ಸಂಭವವಿದೆ. ವಿಳಂಬವು ಪಾಲಿನ ನ್ಯಾಯವನ್ನೂ ಸವೆಸಬಲ್ಲದು.

ಕೈಬಿಡುವಿಕೆಯ ರಾಜಕಾರಣ

ಭೂಸ್ವಾಧೀನದಿಂದ ಭೂಮಿಯನ್ನು ಕೈಬಿಡುವ ಕ್ರಮಕ್ಕೆ ಕನ್ನಡದ ಆಡುಮಾತಿನಲ್ಲಿ ಡಿನೋಟಿಫಿಕೇಷನ್ ಎಂಬ ಇಂಗ್ಲಿಷ್ ಪದವೇ ನೆಲೆನಿಂತಿತು. ಸ್ವಾಧೀನತೆ ಪಡೆಯುವ ಮೊದಲು ಯಾವುದೇ ಭೂಮಿಯನ್ನು ಬಿಡಲು 1894ರ ಅಧಿನಿಯಮದ 48ನೆಯ ಪ್ರಕರಣವು ಸರ್ಕಾರಕ್ಕೆ ಅಧಿಕಾರ ನೀಡಿತ್ತು. ಮಹಜರಿನ ಮೂಲಕ ಕಾಗದದಲ್ಲಿ ಸ್ವಾಧೀನತೆ ಪಡೆಯುವ ಪದ್ಧತಿಯಿಂದಾಗಿ, ಭೂಮಿ ನಿಜವಾಗಿ ಯಾರ ವಶದಲ್ಲಿದೆ ಎಂಬುದೇ ವಿವಾದದ ವಿಷಯವಾಗುತ್ತಿತ್ತು. 2000ದ ನಂತರದ ಎರಡು ದಶಕಗಳಲ್ಲಿ ಈ ಪದವು ರಾಜ್ಯದ ರಾಜಕೀಯ ಆರೋಪ, ಪ್ರತ್ಯಾರೋಪಗಳ ಕೇಂದ್ರಕ್ಕೆ ಬಂದಿತು.

ನ್ಯಾಯಾಲಯಗಳ ನಿರ್ದೇಶನಗಳನ್ನು ಪಾಲಿಸುವ ಕ್ರಮವೆಂದು 2014ರ ಜೂನ್ ತಿಂಗಳಿನಲ್ಲಿ ರಾಜ್ಯ ಸರ್ಕಾರವು ಅರ್ಕಾವತಿ ಬಡಾವಣೆಯ ಪರಿಷ್ಕೃತ ಅಧಿಸೂಚನೆಯನ್ನು ಹೊರಡಿಸಿತು. ಇದರಿಂದ 541 ಎಕರೆ ಭೂಮಿಯನ್ನು ಕೈಬಿಟ್ಟಂತಾಯಿತೆಂದು ವಿರೋಧ ಪಕ್ಷವು ಆಕ್ಷೇಪಿಸಿತು. ಅದು ಡಿನೋಟಿಫಿಕೇಷನ್ ಅಲ್ಲ, ನ್ಯಾಯಾಲಯದ ಆದೇಶದಂತೆ ನಡೆದ ಮರುಪರಿಶೀಲನೆ ಎಂದು ಸರ್ಕಾರ ಸಮರ್ಥಿಸಿಕೊಂಡಿತು. ರೀಡೂ ಎಂಬ ಇನ್ನೊಂದು ಪದವು ಈ ಚರ್ಚೆಯಿಂದ ಕನ್ನಡ ಪತ್ರಿಕೆಗಳ ಭಾಷೆಗೆ ಸೇರಿತು. ಅದೇ ವರ್ಷ ನ್ಯಾಯಮೂರ್ತಿ ಎಚ್.ಎಸ್. ಕೆಂಪಣ್ಣ ಅವರ ವಿಚಾರಣಾ ಆಯೋಗ ನೇಮಕಗೊಂಡಿತು. 2017ರಲ್ಲಿ ಅದು ತನ್ನ ವರದಿಯನ್ನು ಸರ್ಕಾರಕ್ಕೆ ಸಲ್ಲಿಸಿತು.

ಪಕ್ಷಗಳ ವಾದವನ್ನು ಬದಿಗಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪ್ರತಿಯೊಂದು ಕೈಬಿಡುವಿಕೆಯೂ ಒಬ್ಬ ತಕರಾರುದಾರನ ಮಟ್ಟಿಗೆ ವಿವಾದವನ್ನು ಮುಗಿಸುತ್ತಿತ್ತು. ಅದೇ ವೇಳೆ ಅವನ ನೆರೆಯವನಿಗೆ ಹೊಸ ತಕರಾರಿನ ಆಧಾರವನ್ನು ಒದಗಿಸುತ್ತಿತ್ತು. ಪಕ್ಕದ ಭೂಮಿಯನ್ನು ಬಿಟ್ಟ ಮೇಲೆ ತನ್ನದನ್ನು ಏಕೆ ಬಿಡಬಾರದು ಎಂಬ ಪ್ರಶ್ನೆಗೆ ಕಾನೂನಿನ ಬಲವಿತ್ತು. ಹೀಗೆ ಅಪಾಯವನ್ನು ಕಳೆಯಲೆಂದು ಬಳಸಿದ ಉಪಾಯವೇ ಅಪಾಯವನ್ನು ಬೆಳೆಸುವ ಕಾರಣವಾಯಿತು. ಇದರ ಫಲವನ್ನು ಹೆಚ್ಚಾಗಿ ಉಂಡವರು ಹಂಚಿಕೆದಾರರು. ಹಂಚಿಕೆಯಾಗಿದ್ದ ನಿವೇಶನದ ಭೂಮಿಯೇ ಯೋಜನೆಯಿಂದ ಹೊರಗುಳಿದಾಗ, ಹಣ ಕಟ್ಟಿದ ಕುಟುಂಬವು ಬದಲಿ ನಿವೇಶನಕ್ಕಾಗಿ ಮತ್ತೆ ಅಲೆಯಬೇಕಾಯಿತು.

ನಂತರದ ಬಡಾವಣೆಗಳಲ್ಲಿ ಇದರ ಛಾಯೆ

ಅರ್ಕಾವತಿಯ ಅನುಭವವು ಡಾ. ಕೆ. ಶಿವರಾಮ ಕಾರಂತ ಬಡಾವಣೆಯ ಇತಿಹಾಸದಲ್ಲಿ ಮತ್ತೆ ಕಾಣಿಸಿಕೊಂಡಿತು. 30-12-2008ರಂದು 17 ಗ್ರಾಮಗಳ 3,546 ಎಕರೆ 12 ಗುಂಟೆ ಭೂಮಿಗೆ ಪ್ರಾಥಮಿಕ ಅಧಿಸೂಚನೆ ಹೊರಟಿತು. ಅಂತಿಮ ಅಧಿಸೂಚನೆ ಹೊರಡದೆ ವರ್ಷಗಳು ಕಳೆದವು. ಉಚ್ಚ ನ್ಯಾಯಾಲಯವು ಸ್ವಾಧೀನವನ್ನು ರದ್ದುಪಡಿಸಿತು. 3-8-2018ರಂದು ಸರ್ವೋಚ್ಚ ನ್ಯಾಯಾಲಯವು ಯೋಜನೆಯನ್ನು ಮುಂದುವರಿಸುವಂತೆ ಆದೇಶಿಸಿತು. ಈ ನಡುವಣ ಅವಧಿಯಲ್ಲಿ ಜನರು ಅಲ್ಲಿ ಮನೆಗಳನ್ನು ಕಟ್ಟಿಕೊಂಡಿದ್ದರು. 2018ರ ಆ ದಿನಾಂಕಕ್ಕೆ ಮೊದಲು ಕಟ್ಟಿದ ಮನೆಗಳನ್ನು ಪರಿಶೀಲಿಸಿ ಸಕ್ರಮಗೊಳಿಸುವ ವಿಷಯದಲ್ಲಿ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಅವರ ನೇತೃತ್ವದ ಸಮಿತಿಯನ್ನು 2020ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೇ ನೇಮಿಸಿತು. ಯಾರು ನೆಲದ ಮೇಲೆ ಇದ್ದಾರೆ ಎಂಬುದನ್ನು ತಿಳಿಯುವ ಕೆಲಸವು ಯೋಜನೆಯ ಆರಂಭದಲ್ಲಿ ನಡೆಯದೆ, ಹನ್ನೆರಡು ವರ್ಷಗಳ ತರುವಾಯ ನ್ಯಾಯಾಂಗದ ಮೇಲ್ವಿಚಾರಣೆಯಲ್ಲಿ ನಡೆಯಬೇಕಾಯಿತು ಎಂಬುದು ಗಮನಾರ್ಹ.

ಪರಿಹಾರದ ಪ್ರಶ್ನೆಯೂ ಬಗೆಹರಿಯಲಿಲ್ಲ. 1-1-2014ರಿಂದ ಜಾರಿಗೆ ಬಂದ 2013ರ ಕೇಂದ್ರ ಭೂಸ್ವಾಧೀನ ಅಧಿನಿಯಮವು ಹೆಚ್ಚಿನ ಪರಿಹಾರದ ಜೊತೆಗೆ ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ, ಭೂಮಿಯಿಲ್ಲದ ಅವಲಂಬಿತರ ಪುನರ್ವಸತಿಯನ್ನೂ ಕಾನೂನಿನ ವ್ಯಾಪ್ತಿಗೆ ತಂದಿತು. ಕಡತದಲ್ಲಿ ಹೆಸರಿಲ್ಲದ ವರ್ಗವು ಹಿತಸಂಬಂಧಿಯೆಂದು ಕಾನೂನಿನಲ್ಲಿ ಗುರುತಿಸಲ್ಪಟ್ಟಿದ್ದು ಇಲ್ಲಿಯೇ. ಆದರೆ ಪ್ರಾಧಿಕಾರದ ಅಧಿನಿಯಮದಂತೆ ನಡೆಯುವ ಸ್ವಾಧೀನಗಳ ಪರಿಹಾರ ನಿರ್ಧಾರಕ್ಕೆ ಆ ಕಾನೂನು ಅನ್ವಯಿಸುವುದಿಲ್ಲವೆಂದು 2022ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು.

ಉಪಸಂಹಾರ

ಅರ್ಕಾವತಿ ಬಡಾವಣೆಯ ಇತಿಹಾಸವನ್ನು ಭ್ರಷ್ಟಾಚಾರದ ಆರೋಪಗಳ ಚರಿತ್ರೆಯಾಗಿ ಮಾತ್ರ ಓದುವುದು ಅಪೂರ್ಣ. ಅದನ್ನು ಕೇವಲ ನ್ಯಾಯಾಲಯದ ವಿಳಂಬದ ಕಥೆಯೆಂದು ಭಾವಿಸುವುದೂ ಸರಿಯಲ್ಲ. ಈ ವಿವೇಚನೆಯಿಂದ ಮೂರು ನಿಷ್ಕರ್ಷೆಗಳಿಗೆ ಬರಬಹುದು. ಒಂದು, ಕಂದಾಯದ ದಾಖಲೆಯನ್ನೇ ಸಮಾಜದ ಪ್ರತಿಬಿಂಬವೆಂದು ನಂಬಿದ ವ್ಯವಸ್ಥೆಯು ತನ್ನ ಹಿತಸಂಬಂಧಿಗಳನ್ನು ತಡವಾಗಿ, ಅದೂ ಎದುರು ಪಕ್ಷದವರಾಗಿ, ಭೇಟಿಯಾಯಿತು. ಎರಡು, ಸಾಮಾನ್ಯ ತತ್ತ್ವವಿಲ್ಲದೆ ಒಬ್ಬೊಬ್ಬರಿಗೆ ನೀಡಿದ ವಿನಾಯಿತಿಯು ಇಡೀ ಯೋಜನೆಯ ಅಡಿಪಾಯವನ್ನು ಸಡಿಲಿಸಿತು. ಮೂರು, ಹಕ್ಕು ಇತ್ಯರ್ಥವಾಗದ ಭೂಮಿಯ ಮೇಲೆ ನಿವೇಶನದ ಭರವಸೆ ನೀಡಿದಾಗ ಅಪಾಯವು ಇಲ್ಲವಾಗುವುದಿಲ್ಲ. ಅದನ್ನು ತಾಳಿಕೊಳ್ಳುವ ಶಕ್ತಿ ಕಡಿಮೆಯಿರುವವರ ಮನೆಗೆ ಹೋಗಿ ಸೇರುತ್ತದೆ.

ಸಂಶೋಧಕರಿಗೆ ಈ ಪ್ರಕರಣವು ಹೊಸ ಆಕರಗಳ ದಾರಿಯನ್ನೂ ತೆರೆದಿಡುತ್ತದೆ. ಪಹಣಿ, ತಕರಾರು ಅರ್ಜಿ, ಮಹಜರು, ಐತೀರ್ಪು, ಹಂಚಿಕೆ ಪತ್ರ ಮತ್ತು ನ್ಯಾಯಾಲಯದ ಪ್ರಮಾಣಪತ್ರಗಳು ನಮ್ಮ ಕಾಲದ ಭೂದಾನ ಶಾಸನಗಳಿದ್ದಂತೆ. ಶಾಸನದಲ್ಲಿ ದತ್ತಿಭೂಮಿಯ ಎಲ್ಲೆಯನ್ನು ಕೆರೆ, ಕಲ್ಲು, ಮರಗಳಿಂದ ಗುರುತಿಸಿ ಸಾಕ್ಷಿಗಳ ಹೆಸರನ್ನು ಕೆತ್ತಿಸುತ್ತಿದ್ದರು. ಆಧುನಿಕ ಕಡತದಲ್ಲಿ ಎಲ್ಲೆಯಿದೆ, ಅಳತೆಯಿದೆ. ಅಲ್ಲಿ ದುಡಿದವರ ಹೆಸರಿಗೆ ಮಾತ್ರ ಅಂಕಣವಿಲ್ಲ. ಥಣಿಸಂದ್ರ, ರಾಚೇನಹಳ್ಳಿಗಳ ಹಿರಿಯರ ನೆನಪುಗಳನ್ನು ಸಂಗ್ರಹಿಸಿ ಈ ದಾಖಲೆಗಳ ಜೊತೆಗಿಟ್ಟು ಓದಿದಲ್ಲಿ ಬೆಂಗಳೂರಿನ ವಿಸ್ತರಣೆಯ ಚರಿತ್ರೆಯು ಹೆಚ್ಚು ಸಮಗ್ರವಾದೀತು.